ಮಾವಿನಕುರ್ವೆಗೆ ತೇಲಿ ಬಂದ ಸೀರೆ

ಹೊಸ ಸೀರೆಯ ಗಂಜಿಯ ವಾಸನೆ ನನಗೆ ಆಗುವುದಿಲ್ಲ. ಹಬ್ಬಕ್ಕೆಂದು ಸೊಸೆ ಸೀರೆ ತಂದರೆ ಮೊದಲು ಅದನ್ನು ಹಂಡೆಯ ಕುದಿನೀರಿಗೆ ಹಾಕುತ್ತೇನೆ. ಬಣ್ಣ ಹೋದರೆ ಹೋಗಲಿ. "ಮುದುಕಿಗೆ ಅರಳು ಮರಳು" ಎಂದು ಅವಳು ಒಳಗೆ ಹೇಳುವುದು ನನಗೆ ಹೊರಗೆ ಕೇಳುತ್ತದೆ, ಕಿವಿ ಇನ್ನೂ ಚುರುಕಾಗಿದೆ. ಕುಮಟೆಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿಸಿದವಳು ನಾನು, ಬಾಯಿಯೂ ಏನು ಕಡಿಮೆಯಿಲ್ಲ. ಆದರೂ ಈ ಒಂದು ವಿಷಯಕ್ಕೆ ಇಷ್ಟು ವರ್ಷ ಯಾರಿಗೂ ಉತ್ತರ ಕೊಟ್ಟಿಲ್ಲ.

ಹೋದ ತಿಂಗಳು ಮಾವಿನಕುರ್ವೆಗೆ ಹೋಗಿದ್ದೆ. ಶರಾವತಿ ಸಮುದ್ರ ಸೇರುವಲ್ಲಿ, ಹೊನ್ನಾವರದ ಎದುರಿಗೆ, ಸುತ್ತ ನೀರಿರುವ ಆ ಕುರ್ವೆಯೇ ನನ್ನ ತವರು. ನನ್ನ ತಮ್ಮ ಮಂಜ ಈಗಲೂ ಅಲ್ಲೇ ಇದ್ದಾನೆ. ಮುಖದ ತುಂಬ ಸಿಡುಬಿನ ಕಲೆ, ಬಾಯಿ ತುಂಬ ನಗು. ಊಟವಾದ ಮೇಲೆ ಅವನ ಹೆಂಡತಿ, "ಅಕ್ಕ, ಅವ್ವಿ ಕಲ್ಲಿಗೆ ಕೈ ಮುಗಿದು ಬರುವ ಬನ್ನಿ" ಎಂದು ಎಳೆದುಕೊಂಡು ಹೋದಳು. ಹೊಳೆಯ ದಡದಲ್ಲಿ, ಹೊನ್ನೆಮರದ ಬುಡದಲ್ಲಿ ಒಂದು ಕಲ್ಲು. ಅದು ನಮ್ಮ ಅವ್ವಿ, ನನ್ನನ್ನೂ ಮಂಜನನ್ನೂ ಹೆತ್ತವಳು. ಮಕ್ಕಳ ಮೈ ಮೇಲೆ ಗುಳ್ಳೆ ಎದ್ದರೆ, ಜ್ವರ ಇಳಿಯದಿದ್ದರೆ ಕುರ್ವೆಯ ಹೆಂಗಸರು ಅವಳಿಗೆ ಸೀರೆ ಹರಕೆ ಹೊರುತ್ತಾರೆ. ಕಲ್ಲಿನ ಮೇಲೆ ಸೀರೆಯ ಮೇಲೆ ಸೀರೆ. ನಾದಿನಿ ಒಂದನ್ನು ಎತ್ತಿ ಪ್ರಸಾದವೆಂದು ನನ್ನ ಹೆಗಲಿಗೆ ಹಾಕಿದಳು. ಗಂಜಿಯ ವಾಸನೆ ಮೂಗಿಗೆ ಹೊಡೆಯಿತು, ನಾನು ಅದನ್ನು ಕೊಡವಿ ನೆಲಕ್ಕೆ ಹಾಕಿದೆ. "ಜೀವ ಇದ್ದಾಗ ಇವಳಿಗೆ ಒಂದು ಸೀರೆ ಕೊಟ್ಟವರು ಯಾರು ಇದ್ರಿ ಈ ಊರಲ್ಲಿ?" ಎಂದು ಕೂಗಿಬಿಟ್ಟೆ. ಪಾಪ, ಅವಳಿಗೇನು ಗೊತ್ತು. ಮಂಜನಿಗೂ ಗೊತ್ತಿಲ್ಲ. ಎಂಟು ತಿಂಗಳ ಕೂಸಾಗಿದ್ದ ಅವನು.

ಜರ್ಮನಿ ಜಪಾನಿನ ಲಡಾಯಿ ಇನ್ನೂ ಮುಗಿದಿರಲಿಲ್ಲ. ನನಗೆ ಹತ್ತು ವರ್ಷ. ಅಪ್ಪ ಮಚವೆಯ ಮೇಲೆ ದುಡಿಯುತ್ತಿದ್ದ, ಮಂಗಳೂರಿನ ಹಂಚು ಹೇರಿಕೊಂಡು ಬೊಂಬಾಯಿಗೆ ಹೋಗುವ ಹಾಯಿಹಡಗು ಅದು. ದೀಪಾವಳಿ ಕಳೆದು ಹೋದವನು ಮಳೆಗಾಲದ ಮೊದಲು ಬರಬೇಕು. ಮನೆಯಲ್ಲಿ ಅವ್ವಿ, ಅಪ್ಪನ ಅವ್ವಿಯಾದ ಅಜ್ಜಿ, ನಾನು ಮತ್ತು ತೊಟ್ಟಿಲಲ್ಲಿ ಮಂಜ. ತೆಂಗಿನ ಸಿಪ್ಪೆಯನ್ನು ಹೊಳೆಯ ಸವಳು ನೀರಿನಲ್ಲಿ ಕೊಳೆಹಾಕಿ, ಬಡಿದು, ಕತ್ತ ತೆಗೆದು ಹಗ್ಗ ಹೊಸೆಯುವುದು ನಮ್ಮ ಕೆಲಸ. ಅವ್ವಿಯ ಅಂಗೈ ಮುಟ್ಟಿದರೆ ಕೊಟ್ಟೆಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅನ್ನಕ್ಕೆ ಹೇಗೋ ಆಗುತ್ತಿತ್ತು. ಹೊಳೆಯಲ್ಲಿ ಮೀನಿತ್ತು, ಚಿಪ್ಪಿನ ಬಳಚು ಇತ್ತು. ಆದರೆ ಬಟ್ಟೆ? ಬಟ್ಟೆಗೆ ಕಂಟ್ರೋಲು ಬಂದಿತ್ತು. ಹೊನ್ನಾವರದ ಅಂಗಡಿಗೆ ಥಾನು ಬಂತಂತೆ ಎಂದು ದೋಣಿ ಹತ್ತಿ ಓಡಿದರೆ ಅಲ್ಲಿ ಬರಿ ಹಲಗೆ. ಇಡೀ ಮನೆಗೆ ಹೊರಗೆ ಉಡುವಂಥದ್ದು ಒಂದೇ ಸೀರೆ. ಅದನ್ನು ಅವ್ವಿ ಉಟ್ಟು ಹೊರಗೆ ಹೋದರೆ ಅಜ್ಜಿ ಹರಕು ತುಂಡು ಸುತ್ತಿಕೊಂಡು ಒಳಗೆ. ಅಜ್ಜಿ ಉಟ್ಟರೆ ಅವ್ವಿ ಒಳಗೆ. ಹೊರಗಿನಿಂದ ಯಾರಾದರೂ ಕರೆದರೆ ಒಳಗಿದ್ದವಳು ಬಾಗಿಲ ಮರೆಯಿಂದಲೇ ಮಾತಾಡಬೇಕು. ಅತ್ತೆ ಸೊಸೆಗೆ ಹೊಂದಾಣಿಕೆ ಅಷ್ಟಕ್ಕಷ್ಟೆ, ಸೀರೆಯಲ್ಲಿ ಮಾತ್ರ ಪಾಲುದಾರರು! ಮಂಜನ ತೊಟ್ಟಿಲಿಗೆ ಹಾಸಲು ಗೋಣಿತಾಟು. ಅದು ಉಜ್ಜಿ ಉಜ್ಜಿ ಕೂಸಿನ ತಲೆಯ ಹಿಂದೆ ಹುಣ್ಣಾಗಿತ್ತು.

ಹೋಳಿ ಹುಣ್ಣಿಮೆ ಕಳೆದು ಒಂದು ವಾರವಾಗಿರಬೇಕು. ಬೆಳಿಗ್ಗೆ ನಾನೂ ಅವ್ವಿಯೂ ಸಿಪ್ಪೆ ತಿರುಗಿಸಲು ಹೊಳೆಗೆ ಇಳಿದೆವು. ನಮ್ಮ ಸಿಪ್ಪೆಯ ಗೂಟಗಳಿಗೆ ಒಂದು ಸಣ್ಣ ತೆಪ್ಪ ಸಿಕ್ಕಿಕೊಂಡಿತ್ತು. ಬಾಳೆದಿಂಡು ಸೇರಿಸಿ ಕಟ್ಟಿದ್ದು. ಮೇಲೆ ಮೊರ, ಮೊರದಲ್ಲಿ ತೆಂಗಿನಕಾಯಿ, ಕುಂಕುಮ, ಒಂದು ಡಜನ್ ಹಸಿರು ಬಳೆ, ಮಡಿಸಿಟ್ಟ ಹೊಸ ಹಸಿರು ಸೀರೆ. ನೀರು ತಾಗಿರಲಿಲ್ಲ.

ಅದು ಏನೆಂದು ನಮ್ಮಲ್ಲಿ ಕೂಸುಗಳಿಗೂ ಗೊತ್ತು. ಹೊಳೆಯ ಮೇಲಿನ ಊರಲ್ಲಿ ಸಿಡುಬು ಎದ್ದರೆ ಅದಕ್ಕೆ ಸಿಡುಬು ಎನ್ನುವುದಿಲ್ಲ, ಅಮ್ಮ ಬಂದಳು ಎನ್ನುತ್ತಾರೆ. ಬಂದವಳಿಗೆ ಉಡಿ ತುಂಬಿ, ಸೀರೆ ಕೊಟ್ಟು, ತೆಪ್ಪದಲ್ಲಿ ಕೂರಿಸಿ ಕಡಲಿಗೆ ಕಳಿಸುತ್ತಾರೆ. ದಾರಿಯಲ್ಲಿ ಯಾರ ದಡಕ್ಕೆ ತೆಪ್ಪ ತಾಗಿತೋ ಅವರು ಕೈಯಿಂದ ಮುಟ್ಟದೆ, ಉದ್ದದ ಬಿದಿರಿನ ಗಳದಿಂದ ನೂಕಿ, "ಮುಂದೆ ಹೋಗು ತಾಯಿ" ಎನ್ನಬೇಕು. ಅಷ್ಟೇ.

ಅವ್ವಿ ಗಳ ತಂದಳು. ತೆಪ್ಪಕ್ಕೆ ಆನಿಸಿದಳು. ನೂಕಲಿಲ್ಲ. ಸುತ್ತ ನೋಡಿದಳು. ಆಮೇಲೆ ಗಳ ಬಿಟ್ಟು, ಮೊಣಕಾಲು ನೀರಿಗೆ ಇಳಿದು, ಸೀರೆಯನ್ನು ಎತ್ತಿಕೊಂಡಳು.

"ಅವ್ವೀ!" ಎಂದೆ.

"ಬಾಯಿ ಮುಚ್ಚು. ಕಡಲಿಗೆ ಹೋಗಿ ಮೀನು ಉಡುದಾ ಇದನ್ನ? ದೇವರಿಗೆ ಸಾವಿರ ಸೀರೆ ಅದೆ. ನಂಗೆ ಎಂತ ಅದೆ?"

ಅವಳು ಸೀರೆ ಎತ್ತುವಾಗ ಮಡಿಕೆಯೊಳಗಿಂದ ಏನೋ ಜಾರಿ ಸಿಪ್ಪೆಯ ರಾಶಿಯ ಮೇಲೆ ಬಿತ್ತು. ಅವಳು ನೋಡಲಿಲ್ಲ, ನಾನು ನೋಡಿದೆ. ಕುಪ್ಪಸದ ಖಣ. ಹಸಿರು, ಕೆಂಪಂಚಿನದು, ಅಂಗೈಯಲ್ಲಿ ಮುದುಡಿದರೆ ಬೆಣ್ಣೆಯ ಹಾಗೆ. ಅವ್ವಿ ಕಾಯಿ, ಬಳೆ ಇದ್ದ ತೆಪ್ಪವನ್ನು ಗಳದಿಂದ ನೂಕುತ್ತಿದ್ದಾಗ ನಾನು ಖಣವನ್ನು ಪರಕಾರದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮನೆಗೆ ಬಂದವಳೇ ಅದನ್ನು ನಾಲ್ಕು ಮಡಿಕೆ ಮಾಡಿ, ತೊಟ್ಟಿಲ ಗೋಣಿಯ ಮೇಲೆ, ಮಂಜನ ತಲೆಯ ಹುಣ್ಣಿನ ಅಡಿಗೆ ಇಟ್ಟೆ. ಮೇಲೊಂದು ಚಿಂದಿ ಮುಚ್ಚಿದೆ. ಅವತ್ತು ಅವನು ಅಳದೆ ನಿದ್ದೆ ಮಾಡಿದ. ನನಗೆಷ್ಟು ಹೆಮ್ಮೆಯಾಯಿತು!

ಅವ್ವಿ ಬಲೆಗೆ ಬಣ್ಣ ಕೊಡುವ ಕಾಂಡ್ಲೆ ಮರದ ತೊಗಟೆಯನ್ನು ತಂದು, ಹಂಡೆಯಲ್ಲಿ ಅರ್ಧ ದಿನ ಸೀರೆಯನ್ನು ಕುದಿಸಿದಳು. ಹಸಿರು ಹೋಗಿ ಸೀರೆ ಒಣಗಿದ ರಕ್ತದ ಬಣ್ಣಕ್ಕೆ ಬಂತು. ಯಾರೂ ಗುರುತು ಹಿಡಿಯಬಾರದೆಂದು ಅವಳು ಹಾಗೆ ಮಾಡಿದ್ದು. ಎಷ್ಟೋ ವರ್ಷದ ಮೇಲೆ ಶಾಲೆಯಲ್ಲಿ ಆರೋಗ್ಯದ ಪಾಠ ಮಾಡುವಾಗ, ರೋಗಿಯ ಬಟ್ಟೆಯನ್ನು ಕುದಿಸಿದರೆ ಸೋಂಕು ಸಾಯುತ್ತದೆ ಎಂದು ಓದಿ ಹೇಳುತ್ತಿದ್ದವಳು ಅರ್ಧಕ್ಕೇ ನಿಂತೆ. ಮಕ್ಕಳು ಮಿಕಿಮಿಕಿ ನೋಡುತ್ತಿದ್ದವು. ಅವ್ವಿಯ ಸೀರೆ ಕುದಿದಿತ್ತು. ನನ್ನ ಖಣ ಕುದಿದಿರಲಿಲ್ಲ.

ಹನ್ನೆರಡು ಹದಿಮೂರು ದಿನ ಕಳೆದಿತ್ತೇನೋ. ಮಂಜನಿಗೆ ಜ್ವರ ಬಂತು. ಮೂರನೆಯ ದಿನ ಹಣೆಯ ಮೇಲೆ ಕೆಂಪು ಚುಕ್ಕೆ. ಸಂಜೆಯೊಳಗೆ ಅಂಗಾಲು ಅಂಗೈಗೂ ಬಂತು. ಅಜ್ಜಿಗೆ ಚಿಕ್ಕಂದಿನಲ್ಲೇ ಅದು ಬಂದು ಹೋಗಿತ್ತು, ಅವ್ವಿಗೂ. ನನಗೆ ಅಪ್ಪ ಹೊನ್ನಾವರದಲ್ಲಿ ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿದ್ದ. ಮಂಜನೊಬ್ಬನೇ ಬರಿಮೈಯವನು.

ಅಜ್ಜಿ ಕೂಸನ್ನು ನೋಡಿದಳು, ಅವ್ವಿಯ ಮೈ ಮೇಲಿನ ಸೀರೆಯನ್ನು ನೋಡಿದಳು.

"ಎಲ್ಲಿಂದ ಬಂತೇ ಇದು? ಹೊನ್ನಾವರದಲ್ಲಿ ಕೊಟ್ರು ಅಂದ್ಯಲ್ಲ, ಯಾರು ಕೊಟ್ರು?"

ಅವ್ವಿ ಸುಳ್ಳು ಮುಂದುವರಿಸಲಿಲ್ಲ. ಹೇಳಿದಳು. ಅಜ್ಜಿ ಬೈಯುತ್ತಾಳೆಂದು ನಾನು ಕಾದೆ. ಬೈಯಲಿಲ್ಲ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. "ಉಟ್ಟ ಸೀರೆ ಬಿಚ್ಚಿಸ್ಕೊಂಡವಳು ಸುಮ್ನೆ ಹೋಗ್ತಳಾ? ಕೇಳಲಿಕ್ಕೆ ಬಂದಿದಾಳೆ. ಬರಿಮೈಲಿ ಬಂದಿದಾಳೆ" ಎಂದಳು.

ಆ ಮಾತು ಕೇಳಿದ ಮೇಲೆ ನಮ್ಮ ಮನೆ ನಮ್ಮದಾಗಿ ಉಳಿಯಲಿಲ್ಲ.

ಬಾಗಿಲಿಗೆ ಬೇವಿನ ಸೊಪ್ಪು ಬಂತು. ಒಗ್ಗರಣೆ ಇಲ್ಲ, ತಲೆ ಬಾಚುವುದಿಲ್ಲ, ಜೋರು ಮಾತಿಲ್ಲ. ತೊಟ್ಟಿಲ ಪಕ್ಕ ಅಜ್ಜಿ ಒಂದು ಮಣೆ ಹಾಕಿದಳು. ಅದರ ಮುಂದೆ ಬಾಳೆಎಲೆ, ಎಲೆಯ ಮೇಲೆ ಮೊಸರನ್ನ, ಒಂದು ತಂಬಿಗೆ ನೀರು. ಬಂದವಳು ಅಲ್ಲಿ ಕೂತಿದ್ದಾಳೆ. ಅಜ್ಜಿ ದಿನವಿಡೀ ಆ ಖಾಲಿ ಮಣೆಯ ಜೊತೆ ಮಾತಾಡುವಳು. "ಸೆಕೆ ಆತಾ ತಾಯಿ? ಗಾಳಿ ಹಾಕ್ಲಾ?" ಎಂದು ಕೇಳಿ, ಸ್ವಲ್ಪ ಹೊತ್ತು ಕಿವಿಗೊಟ್ಟು, ಹೂಂ ಎಂದು ಬೀಸಣಿಗೆ ಬೀಸುವಳು. ಬೀಸಣಿಗೆಯ ಗಾಳಿ ಮಣೆಗೆ, ಬೆವರುತ್ತಿದ್ದ ಕೂಸಿಗಲ್ಲ. ಅವ್ವಿ ಅದನ್ನು ನೋಡಿ ಹಲ್ಲು ಕಚ್ಚುವಳು.

ಬಳೆಯ ಸದ್ದಿನ ಬಗ್ಗೆ ಹೇಳಬೇಕು. ಅಜ್ಜಿ ವಿಧವೆ, ಅವಳ ಕೈ ಬೋಳು. ಕತ್ತ ಬಡಿಯುವ ಅವ್ವಿಯ ಕೈಯಲ್ಲಿ ಬಳೆ ನಿಲ್ಲುತ್ತಿರಲಿಲ್ಲ, ಕರಿದಾರ ಕಟ್ಟಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲಲ್ಲಿದ್ದಾಗ ನಾನು ಹೊಸ್ತಿಲಲ್ಲಿ ಕೂತಿದ್ದೆ. ಒಳಗೆ ತೊಟ್ಟಿಲ ಹತ್ತಿರ ಬಳೆ ಸದ್ದಾಯಿತು. ಒಂದಲ್ಲ, ಕೈ ತುಂಬ ಇರುವ ಬಳೆ. ಯಾರೋ ಕೈ ಎತ್ತಿ ಇಳಿಸಿದ ಹಾಗೆ. ಸೀರೆ ನಾವು ತೆಗೆದುಕೊಂಡಿದ್ದೆವು, ಬಳೆ ಅವಳ ಹತ್ತಿರವೇ ಉಳಿದಿತ್ತಲ್ಲ! ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಪಾಠ ಹೇಳಿದ ಟೀಚರು ನಾನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಕೇಳಿದ್ದನ್ನು ಕೇಳಲಿಲ್ಲ ಎನ್ನಲಾರೆ.

ಚುಕ್ಕೆ ಎದ್ದ ಐದನೆಯ ದಿನ ತಿಪ್ಪಯ್ಯಜ್ಜ ಬಂದ. ಅವನು ನಮ್ಮ ಕೇರಿಯ ಬುಧವಂತ. ನ್ಯಾಯ, ಮದುವೆ, ಮೈಲಿಗೆ, ಯಾವುದಕ್ಕೂ ಅವನದೇ ಕೊನೆಯ ಮಾತು. ಬೇಲಿಯಿಂದ ಆಚೆಗೇ ನಿಂತ. ಹಿಂದೆ ಹತ್ತಿಪ್ಪತ್ತು ಜನ.

"ಸೀರೆ ವಿಚಾರ ನಿನ್ನ ಅತ್ತೆ ಬಾಯಿಂದ್ಲೇ ಗೊತ್ತಾತು ಹೆಣ್ಣೇ. ನಾಳೆ ಶುಕ್ರವಾರ ಮಧ್ಯಾಹ್ನ ಇಳಿತದ ನೀರಿಗೆ ತೆಪ್ಪ ಬಿಡುದು. ಅವಳದ್ದು ಎಂತೆಂತ ತೆಗೆದ್ಯೋ ಎಲ್ಲ ತಿರುಗಿ ಹೋಗಬೇಕು. ಒಂದು ಎಳೆ ಇಲ್ಲಿ ಉಳಿದ್ರೂ ಅವಳು ಏಳುದಿಲ್ಲ. ಒಂದು ಮನೆ ಅಲ್ಲ, ಊರು ಉಳಿಬೇಕಲ್ಲ."

"ಕೊಡ್ತೆ ಅಜ್ಜ."

"ಮೇಲಿನ ಊರಿಗೆ ಜನ ಕಳಿಸಿ ಕೇಳ್ಸಿದೆ. ಅಮ್ಮ ಬಂದ ಕೂಸಿನ ಮೈ ಮೇಲೆ ಹೊದೆಸಿ ತೆಗೆದದ್ದಂತೆ ಎಲ್ಲ. ಸೀರೆ ಒಂದು, ಖಣ ಒಂದು. ಖಣ ಎಲ್ಲಿ?"

"ಖಣ ಇರ್ಲಿಲ್ಲ."

"ಇತ್ತು ಅಂದ್ರು."

"ಇರ್ಲಿಲ್ಲ ಅಜ್ಜ. ಸೀರೆ ಕದ್ದದ್ದು ಹೌದು, ಒಪ್ಪಿದೆ. ಖಣ ನಾನು ಕಂಡದ್ದೇ ಇಲ್ಲ."

ಜನ ಗುಜುಗುಜು ಎಂದರು. ಕಳ್ಳಿಯ ಮಾತು ಯಾರು ನಂಬುತ್ತಾರೆ? ಹಿಂದಿನಿಂದ ಒಬ್ಬ, "ಮನೆಗೆ ಬೆಂಕಿ ಹಾಕಿ ಇವರನ್ನ ಮರಳದಿಬ್ಬಕ್ಕೆ ದಾಟಿಸುದೇ ಸೈ" ಎಂದ. ತಿಪ್ಪಯ್ಯಜ್ಜ ಕೈ ಎತ್ತಿ ಅವನನ್ನು ಸುಮ್ಮನಿರಿಸಿ, "ಆಣೆ ಮಾಡ್ತ್ಯಾ?" ಎಂದ.

ಅವ್ವಿ ಒಳಗೆ ಬಂದಳು. ತೆರೆದ ಬಾಗಿಲಿನಿಂದ ಎಲ್ಲರಿಗೂ ಕಾಣುವ ಹಾಗೆ ತೊಟ್ಟಿಲಿಗೆ ಬಾಗಿ, ಮಂಜನ ತಲೆಯ ಮೇಲೆ ಬಲಗೈ ಇಟ್ಟಳು. "ಖಣ ಈ ಮನೆಗೆ ಬಂದಿದ್ರೆ ಈ ಕೂಸು ನಂಗಿಲ್ಲ" ಎಂದಳು. ಅವಳ ಕೈ ಮೇಲೆ, ಅದರ ಕೆಳಗೆ ಮಂಜನ ತಲೆ, ತಲೆಯ ಕೆಳಗೆ ಖಣ.

ನಾನು ಆಗಲೇ ಕೂಗಬೇಕಿತ್ತು. ಆದರೆ ಈಗ ಹೇಳಿದರೆ ಆಣೆ ಸುಳ್ಳಾಗುತ್ತದೆ, ಮಂಜ ಸಾಯುತ್ತಾನೆ. ಹೇಳದಿದ್ದರೆ ಬಂದವಳು ಏಳುವುದಿಲ್ಲ, ಆಗಲೂ ಸಾಯುತ್ತಾನೆ. ಹತ್ತು ವರ್ಷದ ತಲೆಗೆ ಒಂದೇ ದಾರಿ ಹೊಳೆಯಿತು: ಯಾರಿಗೂ ಕಾಣದ ಹಾಗೆ ಖಣವನ್ನು ತೆಗೆದು ತೆಪ್ಪದ ಸೀರೆಯೊಳಗೆ ಸೇರಿಸಿಬಿಡಬೇಕು. ಆದರೆ ಅಜ್ಜಿ ತೊಟ್ಟಿಲು ಬಿಟ್ಟು ಏಳಬೇಕಲ್ಲ. ಆ ರಾತ್ರಿ ಹೋಯಿತು, ಬೆಳಿಗ್ಗೆ ಹೋಯಿತು, ಅವಳು ಏಳಲಿಲ್ಲ. ಮಂಜನ ಕಣ್ಣು ಗುಳ್ಳೆಯಲ್ಲಿ ಮುಚ್ಚಿಹೋಗಿತ್ತು. ಮೊಲೆ ಬಾಯಿಗಿಟ್ಟರೆ ಹಿಡಿಯುತ್ತಿರಲಿಲ್ಲ. ಅಳು ನಿಂತು ನಾಲ್ಕು ದಿನವಾಗಿತ್ತು. ಅಳದ ಕೂಸಿನಷ್ಟು ಹೆದರಿಕೆಯದು ಇನ್ನೊಂದಿಲ್ಲ.

ಶುಕ್ರವಾರ ಮಧ್ಯಾಹ್ನ ಅವ್ವಿ ಹಳೆಯ ಸೀರೆ ಉಟ್ಟು, ತೊಗಟೆ ಬಣ್ಣದ ಸೀರೆಯನ್ನು ತಲೆಯ ಮೇಲೆ ಹೊತ್ತು ದಡಕ್ಕೆ ಹೋದಳು. ಅಜ್ಜಿ ಹರಕಿನ ಮೇಲೆ ಗೋಣಿ ಸುತ್ತಿ, ಕೈಯಲ್ಲಿ ದೀಪ ಹಿಡಿದು ಎದ್ದಳು. ಬಂದ ನೆಂಟರನ್ನು ಬೇಲಿಯ ತನಕ ಕಳಿಸಿ ಬರಬೇಕಲ್ಲ.

"ನೀ ಇಲ್ಲೇ ಇರು. ಅವಳು ಎದ್ದು ಹೋಗುವಷ್ಟು ಹೊತ್ತು ಮಣೆ ದಾಟಬೇಡ. ಕೇಳ್ತಾ?" ಎಂದಳು ನನಗೆ.

ನಮ್ಮದು ಇಕ್ಕಟ್ಟಿನ ಮನೆ. ಒಂದು ಬದಿ ಗೋಡೆ, ಒಂದು ಬದಿ ಕತ್ತದ ರಾಶಿ, ನಡುವೆ ಮಣೆ, ಮಣೆಯ ಆಚೆಗೆ ತೊಟ್ಟಿಲು. ದಾಟದೆ ಹೋಗಲು ಜಾಗವಿರಲಿಲ್ಲ. ದಡದಿಂದ ಜಾಗಟೆ ಕೇಳಿಸಿತು. ಇಳಿತ ಶುರುವಾಗಿರಬೇಕು. ನಾನು ಮಣೆಯ ಎದುರು ನಿಂತೆ. ಎಲೆಯ ಮೇಲಿನ ಅನ್ನದಲ್ಲಿ ಒಂದು ಕಡೆ ಗುಳಿ ಬಿದ್ದಿತ್ತು. ಇಲಿ ಇರಬಹುದು. ಬೆಕ್ಕಿರಬಹುದು. ಇರಬಹುದು.

"ಅವ್ವಿ ತೆಗೆದದ್ದಲ್ಲ, ನಾನು ತೆಗೆದದ್ದು. ಅವನ ತಲೆಗೆ ನೋವಾಗ್ತಿತ್ತು. ಕೊಡ್ತೆ, ಈಗಲೇ ಕೊಡ್ತೆ" ಎಂದೆ ಮಣೆಗೆ. ಕಣ್ಣು ಮುಚ್ಚಿ ಕಾಲೆತ್ತಿ ದಾಟಿದೆ. ದಾಟುವಾಗ ಮೀನಖಂಡದವರೆಗೆ ತಣ್ಣಗಾಯಿತು, ಹೊಳೆಯ ನೀರಲ್ಲಿ ಕಾಲಿಟ್ಟ ಹಾಗೆ. ಮಂಜನ ಕುತ್ತಿಗೆಯ ಅಡಿ ಕೈ ಹಾಕಿ ಎತ್ತಿ, ಖಣ ಎಳೆದೆ. ಕೀವಿಗೆ ಅಂಟಿಕೊಂಡಿತ್ತು, ಕಿತ್ತು ಬಂತು. ಅವನು ಮಿಸುಕಲೂ ಇಲ್ಲ. ಉಸಿರಿದೆಯೋ ಇಲ್ಲವೋ ನೋಡುವ ಧೈರ್ಯವಿಲ್ಲದೆ ಹಿತ್ತಲ ಬಾಗಿಲಿನಿಂದ ಓಡಿದೆ.

ದಡ ತಲುಪಿದಾಗ ತೆಪ್ಪ ಹೊರಟುಬಿಟ್ಟಿತ್ತು. ಹತ್ತು ಮಾರು ದೂರದಲ್ಲಿ ಇಳಿತದ ಸೆಳವಿಗೆ ಸಿಕ್ಕಿ ಅಳಿವೆಯ ಕಡೆ ತಿರುಗುತ್ತಿತ್ತು. ಜನರೆಲ್ಲ ದೂರ ದೂರ ನಿಂತಿದ್ದರು, ಅವ್ವಿ ಒಬ್ಬಳೇ ನೀರಿನ ಅಂಚಿನಲ್ಲಿ. ನಾನು ಓಡಿ ಹೋಗಿ ಅವಳ ಎದುರು ನಿಂತೆ. ಮುಷ್ಟಿಯಿಂದ ಹಸಿರು ಹೊರಗೆ ಇಣುಕುತ್ತಿತ್ತು.

ಅವ್ವಿ ನೋಡಿದಳು. ಖಣವನ್ನು, ಆಮೇಲೆ ನನ್ನ ಮುಖವನ್ನು. ಅವಳಿಗೆ ಯಾವುದನ್ನೂ ಹೇಳಬೇಕಾಗಲಿಲ್ಲ. ತಾನು ಯಾರ ತಲೆಯ ಮೇಲೆ ಕೈಯಿಟ್ಟು ಏನು ಹೇಳಿದ್ದೆ ಎಂಬುದು ಅವಳ ಮುಖದಲ್ಲಿ ಬಂತು. ಆ ಮುಖವನ್ನು ಮರೆಯಬೇಕೆಂದರೂ ನನಗೆ ಈಗಲೂ ಮರೆಯಲಾಗುವುದಿಲ್ಲ.

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಖಣ ಕಿತ್ತುಕೊಂಡು, ಜನರ ಕಡೆ ತಿರುಗಿ, "ಖಣ ನಾನೇ ಅಡಗಿಸಿ ಇಟ್ಟಿದ್ದೆ. ಹೆಣ್ಣು ತಂದು ಕೊಡ್ತು. ಎಲ್ಲ ನಂದೇ" ಎಂದು ಕೂಗಿದಳು. ನನ್ನ ಕಡೆ ನೋಡಿ ಮೆಲ್ಲಗೆ, "ಎಂತಕೆ ನಿಂತ್ಯೇ? ಹೋಗು, ಮನೇಲಿ ಕೂಸು ಒಂದೇ ಅದೆ" ಎಂದಳು. ಖಣವನ್ನು ಹಲ್ಲಲ್ಲಿ ಕಚ್ಚಿ ನೀರಿಗೆ ಬಿದ್ದಳು.

ಕುರ್ವೆಯ ಹೆಂಗಸು, ಈಜು ಬರುತ್ತಿತ್ತು. ತೆಪ್ಪವನ್ನು ಮುಟ್ಟಿದಳು. ಕೈ ಎತ್ತಿ ಖಣವನ್ನು ಮೊರದಲ್ಲಿಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ. ತಿರುಗಿದಳು. ಆದರೆ ಸೆಳವು ಅವಳನ್ನು ತಿರುಗಲು ಬಿಡಲಿಲ್ಲ, ಉಟ್ಟ ಸೀರೆ ಕಾಲಿಗೆ ಸುತ್ತಿಕೊಂಡಿರಬೇಕು. ತೆಪ್ಪವೂ ಅವಳೂ ಜೊತೆಜೊತೆಗೆ ಅಳಿವೆಯ ಬಿಳಿ ತೆರೆಗಳ ಕಡೆ ಹೋದರು. ದಡದಲ್ಲಿ ನಾಲ್ಕು ಪಾತಿದೋಣಿ ಇದ್ದವು. ಹುಟ್ಟು ಹಾಕುವ ಗಂಡಸರು ಹತ್ತು ಜನ ಇದ್ದರು. "ದೋಣಿ ಬಿಡಿ, ದೋಣಿ ಬಿಡಿ" ಎಂದು ನಾನು ಒಬ್ಬೊಬ್ಬರ ಕಾಲು ಹಿಡಿದೆ. ಯಾರೂ ಕದಲಲಿಲ್ಲ. ಒಬ್ಬ ಹುಟ್ಟಿಗೆ ಕೈ ಹಾಕಿದ್ದ, ತಿಪ್ಪಯ್ಯಜ್ಜ ತಡೆದ. "ಅವಳು ಕರ್ಕೊಂಡು ಹೋಗ್ತಿದಾಳೆ. ನಡುವೆ ಹೋಗಬೇಡ" ಎಂದ. ಅವನ ಕಣ್ಣಲ್ಲೂ ನೀರಿತ್ತು, ಅದನ್ನೂ ಹೇಳಬೇಕು. ತೆರೆಯ ಮೇಲೆ ಒಂದು ಸಲ ಅವ್ವಿಯ ತಲೆ ಕಂಡಿತು. ಇನ್ನೊಂದು ಸಲ ಕಂಡದ್ದು ತೆಪ್ಪವೋ ಅವಳೋ ತಿಳಿಯಲಿಲ್ಲ. ಆಮೇಲೆ ಬರಿ ತೆರೆ.

ಜನ ಕೈಮುಗಿದರು. ಒಬ್ಬೊಬ್ಬರಾಗಿ ಹಿಂದೆ ನೋಡದೆ ಮನೆಗೆ ಹೋದರು. ತೆಪ್ಪ ಬಿಟ್ಟವರು ಹಿಂದೆ ನೋಡಬಾರದಂತೆ.

ನಾನು ಎಷ್ಟು ಹೊತ್ತು ಅಲ್ಲಿದ್ದೆನೋ ನೆನಪಿಲ್ಲ. ಕೂಸು ಒಂದೇ ಅದೆ ಎಂದದ್ದು ಒಮ್ಮೆಲೇ ಕಿವಿಗೆ ಬಂದು ಎದ್ದೆ. ಬೇಲಿ ದಾಟುವಾಗಲೇ ಒಳಗಿನಿಂದ ಸದ್ದು ಕೇಳಿತು. ಬಳೆಯದಲ್ಲ. ಕೀರಲು ದನಿ, ಸೊರಗಿದ್ದು, ಆದರೆ ಬಿಡದೆ ಹಟ ಹಿಡಿದದ್ದು.

ಅಜ್ಜಿ ದೀಪ ಪಕ್ಕಕ್ಕಿಟ್ಟು ಮಂಜನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ದಡದ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ಅವನು ಕಣ್ಣು ಬಿಡದೆ, ಬಾಯನ್ನು ಅತ್ತಿತ್ತ ತಿರುಗಿಸಿ ಅವಳ ಬತ್ತಿದ ಎದೆಯಲ್ಲಿ ಹುಡುಕುತ್ತಿದ್ದ. ನನ್ನನ್ನು ಕಂಡು ಅಜ್ಜಿಯ ಮುಖ ಅರಳಿತು.

"ಕೇಳ್ದ್ಯೇನೇ? ಅಳ್ತಾ ಇದಾನೆ! ಹಸಿವು ಬಂತು ಮಗನಿಗೆ, ಹಾಲಿಗೆ ಅಳ್ತಾ ಇದಾನೆ. ಇನ್ನು ಭಯ ಇಲ್ಲ. ಓಡು, ಓಡು, ಅವ್ವಿನ ಬೇಗ ಕರಿ."